ಕಾರಿನ ಹಿಮ್ಮುಖ ಗೃಹಪ್ರವೇಶ

ನಿಮ್ಮ ಹತ್ತಿರ ಮುಚ್ಚಿಟ್ಟು ಆಗಬೇಕಾದ್ದೇನು, ಹೇಳಿಯೇಬಿಡುತ್ತೇನೆ. ಕಾರು ಕಲಿತ ಹೊಸತರಲ್ಲಿ ನನಗೆ ಅದನ್ನು ಮುಂದಕ್ಕೆ ಓಡಿಸಲು ಮಾತ್ರ ಬರುತ್ತಿತ್ತು. ಲೈಸೆನ್ಸಿನಲ್ಲಿ ಹಾಗೇನೂ ಬರೆದಿಲ್ಲ. ಪರೀಕ್ಷೆಯ ದಿನ ರಿವರ್ಸ್ ಹೋಗಿ ತೋರಿಸಿದ್ದೂ ನಿಜವೇ. ಆದರೆ ಅದು ದೊಡ್ಡ ಮೈದಾನ, ಹಿಂದಕ್ಕೆ ಯಾವ ಕಡೆ ಹೋದರೂ ಮೈದಾನವೇ ಸಿಗುತ್ತಿತ್ತು. ಬೀದಿಗೆ ಬಂದ ಮೇಲೆ ತಿಳಿಯಿತು, ಪ್ರಪಂಚದಲ್ಲಿ ಮೈದಾನಕ್ಕಿಂತ ಗೋಡೆ, ಚರಂಡಿ, ನಿಂತ ಬೈಕು ಮತ್ತು ಮಲಗಿದ ಎಮ್ಮೆಗಳೇ ಹೆಚ್ಚು ಎಂದು.

ಬಾರದ ವಿದ್ಯೆಯನ್ನು ಬಾರದು ಎಂದು ಒಪ್ಪಿಕೊಳ್ಳುವುದಕ್ಕಿಂತ ಅದು ಬೇಕಾಗದ ಹಾಗೆ ಬದುಕುವುದು ಸುಲಭ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು, ನಕ್ಷೆ ನೋಡುವ ಅಭ್ಯಾಸವಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಂದಕ್ಕೆ ಸರಿಯದೆ ಕಾರನ್ನು ಎಲ್ಲೆಲ್ಲಿ ತಿರುಗಿಸಿಕೊಳ್ಳಬಹುದು ಎಂಬ ನಕ್ಷೆಯೊಂದು ನನ್ನ ತಲೆಯೊಳಗೆ ತಯಾರಾಯಿತು. ಕೆ.ಆರ್. ನಗರ ನನ್ನ ಪಾಲಿನ ಸ್ವರ್ಗ. ಯಾರೋ ಪುಣ್ಯಾತ್ಮರು ದಾರ ಹಿಡಿದು ಎಳೆದ ಹಾಗೆ ಅಗಲ ಬೀದಿಗಳನ್ನು ಮಾಡಿಟ್ಟಿದ್ದಾರೆ, ಅಲ್ಲಿ ಬಸ್ಸನ್ನೇ ಸುತ್ತಿಸಿಕೊಂಡು ಬರಬಹುದು. ಹುಣಸೂರಿನಲ್ಲಿ ಪೆಟ್ರೋಲ್ ಬಂಕಿನ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬರುತ್ತಿದ್ದೆ. ದಿನಾ ಹಾಗೆ ಮಾಡಿದರೆ ಚೆನ್ನಾಗಿರುವುದಿಲ್ಲ ಎಂದು ಆಗಾಗ ಬೇಡದಿದ್ದರೂ ಚಕ್ರಕ್ಕೆ ಗಾಳಿ ಹಿಡಿಸುತ್ತಿದ್ದೆ. ಸರಗೂರಿನಲ್ಲಿ ನನ್ನ ತಂಗಿಯ ಮನೆ ಇದೆ. ಅದು ಮುಂದೆ ದಾರಿಯಿಲ್ಲದ ಬೀದಿ, ಒಳಗೆ ಹೋದರೆ ಹೋದ ಹಾಗೇ ಹಿಂದಕ್ಕೆ ಬರಬೇಕು. ಹಾಗಾಗಿ ಕಾರನ್ನು ಬಸ್ ಸ್ಟ್ಯಾಂಡಿನ ಹತ್ತಿರ ಬಿಟ್ಟು ಬಿಸಿಲಲ್ಲಿ ನಡೆದು ಹೋಗುತ್ತಿದ್ದೆ.

"ಕಾರ್ ಮಡಿಕ್ಕೊಂಡು ಇಂಗೆ ಬೆವರು ಸುರಿಸ್ಕೊಂಡು ಬತ್ತೀಯಲ್ಲಕ್ಕ, ಯಾವ ಕರ್ಮ ನಿಂಗೆ?" ಎಂದು ತಂಗಿ ಬೈಯುತ್ತಿದ್ದಳು.

"ಡಾಕ್ಟ್ರು ನಡೀಬೇಕು ಅಂದವ್ರೆ ಕಣೇ" ಎನ್ನುತ್ತಿದ್ದೆ. ಯಾವ ಡಾಕ್ಟರೂ ಅಂದಿರಲಿಲ್ಲ.

ಇದರಲ್ಲಿ ತಪ್ಪೆಲ್ಲ ನನ್ನದೇ ಎಂದು ನಾನು ಒಪ್ಪುವುದಿಲ್ಲ. ನಮ್ಮ ಜನ ಹಿಂದಕ್ಕೆ ಬರುವುದಕ್ಕೆ ಎಂದೂ ಮರ್ಯಾದೆ ಕೊಟ್ಟವರಲ್ಲ. ನಮ್ಮ ಸೀಮೆಯ ಕೆರೆ ಏರಿಗಳ ಮೇಲೆ, ಗುಡಿಗಳ ಪಕ್ಕದಲ್ಲಿ ವೀರಗಲ್ಲುಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಒಬ್ಬ ಹುಲಿಯ ಮೇಲೆ ನುಗ್ಗಿ ಸತ್ತ, ಇನ್ನೊಬ್ಬ ದನ ಬಿಡಿಸಲು ಹೋಗಿ ಸತ್ತ. ಕಲ್ಲಿನ ಮೇಲಿರುವವರೆಲ್ಲ ಮುಂದಕ್ಕೆ ಹೋದವರೇ. 'ಇವನು ಸಮಯಸಂದರ್ಭ ನೋಡಿಕೊಂಡು, ಹಿಂದೆ ನಿಂತವರಿಗೆ ತಾಗದ ಹಾಗೆ ಹಿಂದೆ ಸರಿದು, ಮನೆಗೆ ಬಂದು ಮುದ್ದೆ ಉಂಡು ಮಲಗಿದ' ಎಂದು ಯಾರಿಗೂ ಒಂದು ಕಲ್ಲು ನೆಟ್ಟಿಲ್ಲ. ಅವನ ಹೆಂಡತಿಯನ್ನು ಕೇಳಿದ್ದರೆ ಖಂಡಿತ ನೆಡಿಸುತ್ತಿದ್ದಳು.

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂದು ಹಿರಿಯರು ಹೇಳುತ್ತಾರೆ. ಅವರು ರಿವರ್ಸ್ ಹಾಕಿದವರಲ್ಲ. ರಿವರ್ಸಿನಲ್ಲಿ ಗುರಿಯೂ ಹಿಂದೆ, ಗುರುವೂ ಹಿಂದೆ, ಸ್ವಲ್ಪ ಎಡವಟ್ಟಾದರೆ ಗುದ್ದು ಬೀಳುವುದು ಗುರುವಿಗೇ. ಆದರೆ ಗುರುಗಳಿಗೇನೂ ನಮ್ಮಲ್ಲಿ ಬರವಿಲ್ಲ. ಹಿಂದಿನ ಬಿಳಿ ದೀಪ ಹತ್ತಿದ್ದೇ ತಡ, ಅಂಗಡಿ ಮುಂದೆ ಟೀ ಕುಡಿಯುತ್ತಿದ್ದವರು, ಗುದ್ದಲಿ ಹೊತ್ತು ಹೊಲಕ್ಕೆ ಹೊರಟವರು, ಯಾರ ಯಾರದೋ ನೆಂಟರು, ಎಲ್ಲರೂ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. "ಬರ್ಲಿ, ಬರ್ಲಿ, ಬರ್ಲಿ, ಇನ್ನೊಂದ್ ಲಾರಿ ಓಯ್ತದೆ, ಬರ್ಲಿ!" ಒಬ್ಬ ಎಡಕ್ಕೆ ಕೈ ಬೀಸುತ್ತಾನೆ, ಇನ್ನೊಬ್ಬ ಬಲಕ್ಕೆ. ಧಡ್ ಎಂದ ಮೇಲೆ ಎಲ್ಲರೂ ಒಟ್ಟಿಗೆ "ಸಾಕು" ಎನ್ನುತ್ತಾರೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಒಬ್ಬ ಮನುಷ್ಯ ಹಿಂದೆ ನೋಡಲಾರದೆ ಹಿಂದಕ್ಕೆ ಬರುತ್ತಿರುವಾಗ ಸುಮ್ಮನೆ ನೋಡುತ್ತಾ ನಿಲ್ಲುವುದು ನಮ್ಮ ಕಡೆಯವರಿಂದ ಆಗುವುದಿಲ್ಲ, ಅಷ್ಟೇ.

ಇಷ್ಟು ಉಪಾಯಗಳಿದ್ದೂ ನಾನು ರಿವರ್ಸ್ ಕಲಿಯಲೇಬೇಕಾಗಿ ಬಂದದ್ದು ನಮ್ಮತ್ತೆಯ ದೆಸೆಯಿಂದ. ಅವರು ಹೋಗಿ ಬಹಳ ವರ್ಷಗಳಾದವು, ಅವರ ಮಾತು ಮಾತ್ರ ಇನ್ನೂ ಮನೆಯಲ್ಲೇ ಇದೆ. ನಮ್ಮೂರು ಬೆಟ್ಟದಪುರಕ್ಕೂ ರಾವಂದೂರಿಗೂ ನಡುವಿನ ಒಂದು ಹಳ್ಳಿ. ಎತ್ತಿನ ಗಾಡಿಯ ಕಾಲದಲ್ಲಿ ಅತ್ತೆ ಒಂದು ಕಟ್ಟಳೆ ಮಾಡಿದ್ದರಂತೆ. ಸಂಜೆ ಗಾಡಿ ನಿಲ್ಲಿಸಿದರೆ ನೊಗ ಬೀದಿಯ ಕಡೆಗೇ ಇರಬೇಕು. ರಾತ್ರಿ ಯಾರಿಗೋ ಹೆರಿಗೆ ನೋವು ಬರುತ್ತದೆ, ಯಾರಿಗೋ ಹಾವು ಕಚ್ಚುತ್ತದೆ, ಆ ಹೊತ್ತಿನಲ್ಲಿ ಗಾಡಿ ತಿರುಗಿಸುತ್ತಾ ಕೂರಬಾರದು. ಗಾಡಿ ಹೋಗಿ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಪಕ್ಕದಲ್ಲಿ ಕಾರೂ ಬಂತು, ಕಟ್ಟಳೆ ಹಾಗೇ ಉಳಿಯಿತು. ಹೊಗೆಸೊಪ್ಪಿನ ಸಹವಾಸ ಸಾಕು ಎಂದು ಬಿಟ್ಟ ಮೇಲೆ ಸೊಪ್ಪು ಬೇಯಿಸಿ ಒಣಗಿಸುತ್ತಿದ್ದ ಕೋಣೆ, ನಮ್ಮ ಬ್ಯಾರನ್, ಖಾಲಿ ಬಿದ್ದಿತ್ತು. ನಮ್ಮ ಯಜಮಾನರು ಅದರ ಬಾಗಿಲನ್ನು ಒಡೆಸಿ ಅಗಲ ಮಾಡಿ ಅದನ್ನೇ ಕಾರಿನ ಮನೆ ಮಾಡಿದರು. ಒಳಗೆ ಎರಡು ಕಡೆಯೂ ಗೋಡೆ ಹತ್ತಿರ. ಮೂಗು ಹೊರಗೆ ಮಾಡಿ, ಬೆನ್ನು ಒಳಗೆ ಮಾಡಿ ಕಾರು ಹೋಗಬೇಕು. ಅಲ್ಲಿ ಮಲಗೆದ್ದ ನಮ್ಮ ಕಾರಿಗೆ ಇವತ್ತಿಗೂ ಹೊಗೆಸೊಪ್ಪಿನ ವಾಸನೆ. ಮೈಸೂರಿನ ನೆಂಟರು ಹತ್ತಿದೊಡನೆ ನಮ್ಮಿಬ್ಬರ ಮುಖವನ್ನೂ ಅನುಮಾನದಿಂದ ನೋಡುತ್ತಾರೆ.

ನಾನು ಅತ್ತೆಯ ಕಟ್ಟಳೆಗೆ ಎಷ್ಟೋ ಸಲ ನಕ್ಕಿದ್ದೇನೆ. ಹೋದ ವರ್ಷ ಒಂದು ಬೆಳಿಗ್ಗೆ ತಿಂಡಿಗೆ ಕೂತಿದ್ದ ನಮ್ಮವರ ಕೈಯಿಂದ ರೊಟ್ಟಿ ಜಾರಿತು. ಏನೋ ಹೇಳಲು ಹೋದರು, ನಾಲಿಗೆ ತೊದಲಿತು. ನಾನು ಕೂಗಿಕೊಂಡದ್ದಕ್ಕೆ ಪಕ್ಕದ ಮನೆಯ ಮಂಜ ಓಡಿಬಂದ. ಕಾರಿನ ಮುಖ ಬೀದಿಗೇ ಇತ್ತು. ಅವನು ನಮ್ಮಿಬ್ಬರನ್ನೂ ಹತ್ತಿಸಿಕೊಂಡು, ಕೀ ತಿರುಗಿಸಿ, ಬಾಣದ ಹಾಗೆ ಹೊರಟ. ಮೈಸೂರಿನ ಡಾಕ್ಟರು "ಹೊತ್ತಿಗೆ ಸರಿಯಾಗಿ ತಂದ್ರಿ, ಲಕ್ವ ಸಣ್ಣದರಲ್ಲಿ ಹೋಯಿತು" ಎಂದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಮ್ಮತ್ತೆಗೆ ಮನಸ್ಸಿನಲ್ಲೇ ಕೈಮುಗಿದೆ.

ಡಾಕ್ಟರು ಇನ್ನೂ ಎರಡು ಮಾತು ಹೇಳಿದರು. ಸದ್ಯಕ್ಕೆ ನಮ್ಮವರು ಗಾಡಿ ಓಡಿಸುವುದು ಬೇಡ ಎನ್ನುವುದು ಒಂದು. ಎರಡನೆಯದನ್ನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಕೈಕಾಲು ಸರಿಹೋಗುತ್ತೆ, ಯೋಚನೆ ಬೇಡ. ಆದರೆ ಒಂದು ಕಣ್ಣಿಟ್ಟಿರಿ. ಮಾತು ತಡವರಿಸಿದರೆ, ಹೆಸರು ಮರೆತರೆ, ಎಡ ಯಾವುದು ಬಲ ಯಾವುದು ಅಂತ ಗೊಂದಲ ಆದರೆ ಕರ್ಕೊಂಡು ಬನ್ನಿ."

ಅದಾದ ಮೇಲೆ ನಾನು ಕಾರು ಕಲಿತೆ. ಮುಂದಕ್ಕೆ ಹೋಗುವುದನ್ನು ಪಿರಿಯಾಪಟ್ಟಣದ ಡ್ರೈವಿಂಗ್ ಸ್ಕೂಲಿನವರು ಕಲಿಸಿದರು. ಬ್ಯಾರನ್ನಿಗೆ ಹಿಂದಕ್ಕೆ ಬರುವುದನ್ನು ಯಾವ ಸ್ಕೂಲಿನವರು ಕಲಿಸುತ್ತಾರೆ? ಮೊದಮೊದಲು ಮಂಜ ಒಳಗೆ ಬಿಟ್ಟುಕೊಡುತ್ತಿದ್ದ. ಅವನಿಗೂ ಅವನ ಬದುಕಿದೆ, ಎಷ್ಟು ದಿನ ಕರೆಯುವುದು! ಕಡೆಗೆ ನಮ್ಮವರೇ "ನಾನ್ ಏಳ್ಕೊಡ್ತೀನಿ ಬಾ, ಅದೇನ್ ದೊಡ್ ಬ್ರಹ್ಮವಿದ್ಯೆನಾ" ಎಂದು ಎದ್ದು ಬಂದರು. ಕಾಯಿಲೆಯಾದ ಮೇಲೆ ಅವರು ಯಾವುದಕ್ಕಾದರೂ ತಾವಾಗಿ ಎದ್ದು ಬಂದದ್ದು ಅದೇ ಮೊದಲು. ನನಗೆ ಕಾರು ಒಳಗೆ ಹೋಗುವುದಕ್ಕಿಂತ ಅವರು ಜಗಲಿಯಿಂದ ಇಳಿದದ್ದೇ ದೊಡ್ಡದಾಯಿತು.

ಅವರಿಗಿಂತ ಒಳ್ಳೆಯ ಗುರು ಎಲ್ಲಿ ಸಿಗಬೇಕು ಹೇಳಿ. ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿಕೊಂಡು ಹಿಂದಕ್ಕೆ ಬರುವುದರಲ್ಲಿ ರಾವಂದೂರು ಹೋಬಳಿಯಲ್ಲೇ ನಮ್ಮವರ ಹೆಸರು. ಮಂಜನೂ ಸೇರಿದಂತೆ ನಮ್ಮೂರ ಹುಡುಗರೆಲ್ಲ ಅವರಿಂದಲೇ ಕಲಿತವರು. ಮದುವೆಯಾದ ಹೊಸತರಲ್ಲಿ ಒಮ್ಮೆ ಸರಗೂರಿನ ನಮ್ಮ ತಾಯಿ ಮನೆಗೆ ಹುಲ್ಲು ಹೇರಿಕೊಂಡು ಹೋಗುವಾಗ ನಾನೂ ಟ್ರ್ಯಾಕ್ಟರಿನ ಮೇಲೆ ಕೂತಿದ್ದೆ. ಕಾಡಂಚಿನ ರಸ್ತೆಯ ತಿರುವಿನಲ್ಲಿ ಆನೆ ಅಡ್ಡ ನಿಂತಿತ್ತು. ನನ್ನ ಪ್ರಾಣ ಬಾಯಿಗೆ ಬಂತು. ಇವರು ಗಾಬರಿಯೇ ಇಲ್ಲದೆ "ಆನೆ ನೀನ್ ನೋಡ್ತಿರು, ಇಂದ್ಗಡೆ ನಾನ್ ನೋಡ್ಕತೀನಿ" ಎಂದು ಕತ್ತು ತಿರುಗಿಸಿ, ಹುಲ್ಲು ತುಂಬಿದ ಟ್ರೈಲರನ್ನು ಗೆರೆ ಎಳೆದ ಹಾಗೆ ಹಿಂದಕ್ಕೆ ಒಯ್ದರು. ನಾನು ಕಣ್ಣು ಮಿಟುಕಿಸದೆ ಆನೆಯನ್ನು ನೋಡಿದೆ. ಅದೂ ನನ್ನನ್ನು ನೋಡಿತು. ಈ ಗಂಡಸಿನ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ನನಗೆ ಅವತ್ತೇ ಅನ್ನಿಸಿತ್ತು, ಇಷ್ಟು ವರ್ಷ ಅವರಿಗೆ ಹೇಳಿರಲಿಲ್ಲ.

ಇಂಥ ಗುರು ಬ್ಯಾರನ್ನಿನ ಒಳಗೆ ಹೋಗಿ ಕಾರಿನ ಬೆನ್ನಿಗೆ ನಿಂತರು. ನಾನು ಉಸಿರು ಬಿಗಿಹಿಡಿದು ರಿವರ್ಸ್ ಹಾಕಿದೆ. "ಬರ್ಲಿ... ಬರ್ಲಿ... ಎಡಕ್ಕೊಡಿ. ಇನ್ನೂ ಎಡಕ್ಕೊಡಿ!" ಎಂದರು. ಎಡಕ್ಕೆ ತಿರುಗಿಸಿದೆ. ಚಟ್ ಎಂದು ಎಡಗಡೆಯ ಗೋಡೆಗೆ ತಾಗಿ ಹಿಂದಿನ ದೀಪ ಪುಡಿಯಾಯಿತು. ಇಳಿದು ನೋಡಿದರೆ ಬಲಗಡೆ ಬೇಕಾದಷ್ಟು ಜಾಗ ಇತ್ತು.

"ಎಡಕ್ಕೊಡಿ ಅಂದ್ರೆ ಅತ್ಲಾಗ್ಯಾಕ್ ಬಂದೆ?" ಎಂದರು.

"ನೀವು ಹೇಳಿದ ಹಾಗೆ ಎಡಕ್ಕೇ ತಿರುಗಿಸಿದ್ನಲ್ಲ ರೀ."

ಅವರು ಸ್ಟೇರಿಂಗ್ ನೋಡಿದರು, ಗೋಡೆ ನೋಡಿದರು. ಮಾರನೆಯ ದಿನ ಕಾರು ಎಡಕ್ಕೆ ಹೋಗಬೇಕಿತ್ತು, "ಬಲಕ್ಕೊಡಿ" ಎಂದರು. ಈ ಸಲ ಬಲಗಡೆಯ ಬಾಗಿಲು ತರಚಿತು. ಎದುರು ನಿಂತವರಿಗೆ ಎಡಬಲ ಅದಲುಬದಲಾಗುವುದು ನನಗೂ ಗೊತ್ತು, ಶಾಲೆಯಲ್ಲಿ ಡ್ರಿಲ್ ಮಾಡಿಸಿದವಳು ನಾನು. ಆದರೆ ಅವರು ನಿಂತದ್ದು ನನ್ನ ಬೆನ್ನ ಹಿಂದೆ, ನಾನು ನೋಡುವ ಕಡೆಗೇ ಮುಖ ಮಾಡಿ. ನನ್ನ ಎಡವೇ ಅವರ ಎಡ. ಹಾಗಿದ್ದ ಮೇಲೆ ತಪ್ಪು ಎಲ್ಲಿಂದ ಬರುತ್ತಿದೆ? ಡಾಕ್ಟರ ಮಾತು ನೆನಪಾಯಿತು.

ನಾನು ಅವರಿಗೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡತೊಡಗಿದೆ. "ರೀ, ಎಡಗಡೆ ಡಬ್ಬದಲ್ಲಿ ಸಕ್ಕರೆ ಇದೆ, ಕೊಡ್ತೀರಾ" ಎಂದರೆ ಸಕ್ಕರೆಯನ್ನೇ ಕೊಡುತ್ತಿದ್ದರು. "ಬಲಗಡೆ ಕಿಟಕಿ ಹಾಕಿ" ಎಂದರೆ ಅದನ್ನೇ ಹಾಕುತ್ತಿದ್ದರು. ಅಬ್ಬಾ ಎಂದು ಸಮಾಧಾನ ಮಾಡಿಕೊಂಡು ಬ್ಯಾರನ್ ಹತ್ತಿರ ಹೋದರೆ ಅಲ್ಲಿ ಮತ್ತೆ ಉಲ್ಟಾ. ನನ್ನ ಗಂಡನ ತಲೆಯೊಳಗೆ ಏನೋ ಮೆಲ್ಲಗೆ ಸವೆಯುತ್ತಿದೆ, ಇವತ್ತು ಎಡಬಲ, ನಾಳೆ ಹೆಸರು, ನಾಳಿದ್ದು ನನ್ನ ಮುಖ ಎಂದು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಅವರ ಹತ್ತಿರ ಹೇಗೆ ಹೇಳುವುದು? ಅವರೂ ಮಂಕಾದರು. "ತಲೆ ನೋಯ್ತದೆ, ಮಂಜನ್ನ ಕರಿ" ಎಂದು ಬ್ಯಾರನ್ ಕಡೆ ಬರುವುದನ್ನೇ ಬಿಟ್ಟು ಮತ್ತೆ ಜಗಲಿ ಹಿಡಿದರು. ನಾನು ಆಸ್ಪತ್ರೆಗೆ ಫೋನ್ ಮಾಡಿ, ನಾಡಿದ್ದು ಬನ್ನಿ ಎನ್ನಿಸಿಕೊಂಡೆ. ಅವರಿಗೆ ಮಾತ್ರ "ಸುಮ್ನೆ ಒಂದ್ಸಲ ತೋರಿಸ್ಕೊಂಡು ಬರೋಣ" ಎಂದೆ. ಅವರು ಯಾಕೆ ಏನು ಎಂದು ಕೇಳದೆ ಹೂಂ ಎಂದರು. ಸುಮ್ಮನೆ ಒಪ್ಪುವ ಆಸಾಮಿಯಲ್ಲ, ಅದಕ್ಕೇ ಇನ್ನಷ್ಟು ಭಯವಾಯಿತು.

ನಡುವಿನ ಆ ದಿನ ತರಕಾರಿಗೆಂದು ರಾವಂದೂರಿಗೆ ಹೋಗಿದ್ದೆ. ಮುಸುಕಿನ ಜೋಳದ ಸುಗ್ಗಿ. ವ್ಯಾಪಾರಿಯ ಗೋಡೌನಿನ ಮುಂದೆ ನಮ್ಮ ಮಂಜ ಜೋಳ ತುಂಬಿದ ಟ್ರೈಲರನ್ನು ಹಿಂದಕ್ಕೆ ತರುತ್ತಿದ್ದ. ಹಮಾಲಿಯೊಬ್ಬ ಹಿಂದೆ ನಿಂತು ಕೂಗುತ್ತಿದ್ದ: "ಬರ್ಲಿ ಕಣ್ಲಾ... ಎಡಕ್ಕೊಡಿ, ಎಡಕ್ಕೊಡಿ!" ಮಂಜ ಎಡಕ್ಕೆ ಹೊಡೆದ. ಟ್ರೈಲರಿನ ಬೆನ್ನು ಸಲೀಸಾಗಿ ಬಲಕ್ಕೆ ಬಂತು. "ಈಗ ಬಲಕ್ಕೊಡಿ!" ಬಲಕ್ಕೆ ಹೊಡೆದ. ಅದು ಎಡಕ್ಕೆ ಬಂದು ಗೋಡೌನಿನ ಬಾಗಿಲಿಗೆ ನೆಟ್ಟಗೆ ಕೂತಿತು.

ನಾನು ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಕೊಂಡಿ ಇರುತ್ತದಲ್ಲ, ಟ್ರ್ಯಾಕ್ಟರ್ ಒಂದು ಕಡೆ ತಿರುಗಿದರೆ ಟ್ರೈಲರಿನ ಬೆನ್ನು ಇನ್ನೊಂದು ಕಡೆ ಹೋಗುತ್ತದೆ! ಟ್ರೈಲರ್ ಬಲಕ್ಕೆ ಬೇಕೆಂದರೆ ಎಡಕ್ಕೆ ಹೊಡೆಯಬೇಕು. ನಮ್ಮವರು ಬದುಕಿಡೀ ಹುಡುಗರಿಗೆ ಕೂಗಿ ಕಲಿಸಿದ್ದು ಇದನ್ನೇ. ನನ್ನ ಬೆನ್ನ ಹಿಂದೆ ನಿಂತು ಅವರು ಕಾರಿಗೆ ಟ್ರೈಲರಿನ ಪಾಠ ಹೇಳುತ್ತಿದ್ದರು, ಇಷ್ಟೇ! ಅವರ ತಲೆಗೆ ಏನೂ ಆಗಿಲ್ಲ ಎಂದು ಅನ್ನಿಸಿದ್ದೇ ಸಂತೆಬೀದಿಯ ನಡುವೆ ನನಗೆ ನಗು ಉಕ್ಕಿತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಮಂಜ ಇಳಿದು ಓಡಿಬಂದ. "ಯಾಕಕ್ಕ, ಏನಾಯ್ತು? ಸ್ವಾಮಣ್ಣ ಉಸಾರಾಗವ್ರೆ ತಾನೆ?" ಎಂದು ನಮ್ಮವರನ್ನು ವಿಚಾರಿಸಿದ.

"ಬಾಳ ಉಷಾರಾಗವ್ರೆ ಕಣಪ್ಪ" ಎಂದೆ. ತರಕಾರಿ ಮರೆತು ಮನೆಗೆ ಬಂದೆ.

ಜಗಲಿಯ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತು, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಎರಡು ಕೈಗಳನ್ನೂ ಮುಂದೆ ಚಾಚಿ, ಗಾಳಿಯಲ್ಲೇ ಒಂದು ಸ್ಟೇರಿಂಗ್ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಜೋರಾಗಿ ಉಸಿರು ಬಿಟ್ಟರು.

"ಅಯ್ಯೋ ನಿನ್ನ! ಕಾರ್ ಇಂದೆ ಟ್ರೈಲರ್ರೇ ಇಲ್ವಲ್ಲಮ್ಮಿ!"

"ಮತ್ತೆ ಇಷ್ಟು ವರ್ಷ ನೀವೇ ಕಾರನ್ನ ಒಳಗೆ ಹಾಕ್ತಿದ್ರಲ್ಲ?"

"ಅದು ಕೈ ತಿರುಗ್ಸೋದು ಕಣೇ. ನಾನೇನ್ ಕೈನ ಕೇಳ್ಬುಟ್ಟು ತಿರುಗ್ಸ್ತಿದ್ನಾ?"

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವರು ಅಂಗಳ ನೋಡುತ್ತಾ ಹೇಳಿದರು. "ದಿನಾ ಬೆಳ್ಗೆ ಎದ್ದೇಟ್ಗೆ ಉಣ್ಣೋ ಕೈ ಬಲ, ವಾಚ್ ಕಟ್ಟೋ ಕೈ ಎಡ ಅಂತ ಮನಸ್ನಲ್ಲೇ ಏಳ್ಕತಿದ್ದೆ ಕಣಮ್ಮಿ. ಸರ್ಯಾಗೇ ಬರದು. ಬ್ಯಾರನ್ ತಾವ ಓದ್ರೆ ಮತ್ತೆ ತಪ್ಪೋಗದು. ನನ್ ಕತೆ ಮುಗೀತು ಅಂದ್ಕಂಡಿದ್ದೆ. ನಿಂಗ್ ಏಳುದ್ರೆ ಎದ್ರುಕತೀಯ ಅಂತ ಸುಮ್ಕಿದ್ದೆ."

ಒಂದೇ ಮನೆಯಲ್ಲಿ, ಒಂದೇ ಭಯವನ್ನು, ಒಬ್ಬರಿಗೊಬ್ಬರು ಕಾಣದ ಹಾಗೆ ಬಚ್ಚಿಟ್ಟುಕೊಂಡು, ಒಂದೇ ಪಾತ್ರೆಯ ಸಾರು ಬಡಿಸಿಕೊಂಡು ಉಂಡಿದ್ದೆವಲ್ಲ! "ನಾನೂ ಅದಕ್ಕೇ ಸುಮ್ನಿದ್ದೆ ಕಣ್ರೀ" ಎಂದು ಅವರ ಕೈ ಹಿಡಿದುಕೊಂಡೆ. ಯಾವ ಕೈ ಎಂದು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋದೆವೆನ್ನಿ. ನಾವೇ ವೈದ್ಯರಾಗಿ ತೀರ್ಮಾನ ಕೊಟ್ಟುಕೊಳ್ಳುವುದು ಸರಿಯಲ್ಲ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ ಎಂದರು. ಸಂಜೆ ಬಿಸಿಲಿರುವಾಗಲೇ ಊರಿಗೆ ಬಂದು ಬ್ಯಾರನ್ ಮುಂದೆ ಕಾರು ನಿಲ್ಲಿಸಿದೆ. ಅವರು ಇಳಿದು, ವಾಡಿಕೆಯಂತೆ ಒಳಗೆ ಹೋಗಿ ಹಿಂದೆ ನಿಂತರು.

"ಅಲ್ಲಿ ಬೇಡ, ಈಚೆಗೆ ಬನ್ನಿ" ಎಂದೆ. "ಈ ಬಲಗಡೆ ಗೋಡೆ ಪಕ್ಕಕ್ಕೆ. ನನ್ನ ಕನ್ನಡೀಲಿ ಕಾಣೋ ಹಾಗೆ ನಿಂತ್ಕೊಳ್ಳಿ."

"ಇಲ್ನಿಂತ್ಕಂಡು ಏನ್ ಏಳ್ಲಿ? ಎಡಾನಾ ಬಲಾನಾ?"

"ಏನೂ ಹೇಳ್ಬೇಡಿ. ಎಡಬಲ ನಾನು ನೋಡ್ಕೋತೀನಿ. ನೀವು ನನಗೆ ಕಾಣ್ತಾ ಇರಿ, ಅಷ್ಟು ಸಾಕು. ಕಾಣದೇ ಹೋದ್ರೆ ನಿಲ್ಲಿಸ್ತೀನಿ."

ಹಿಂದಕ್ಕೆ ಬರುವ ವಿದ್ಯೆಯೆಲ್ಲ ಇಷ್ಟೇ ಎಂದು ಈಗ ನನಗೆ ತೋರುತ್ತದೆ. ನಿಧಾನ ಹೋಗಬೇಕು, ಹಿಂದೆ ಇರುವವರು ಕಣ್ಣಿಗೆ ಬೀಳುತ್ತಿರಬೇಕು, ಬೀಳದಿದ್ದರೆ ಹೋಗಬಾರದು. ಅವತ್ತು ಕಾರು ಗೋಡೆಗೆ ತಾಗದೆ ಒಳಗೆ ಹೋಗಿ, ಬೀದಿ ನೋಡಿಕೊಂಡು ನಿಂತಿತು. ಆಮೇಲಿಂದ ದಿನವೂ ಹೀಗೆಯೇ. ಒಂದೊಂದು ಸಲ ನಡುವಿನಲ್ಲಿ ಕನ್ನಡಿ ಖಾಲಿಯಾಗುತ್ತದೆ. ಜೀವ ಹಾರಿ ಬ್ರೇಕ್ ಒತ್ತಿ, ಕಾರು ಆರಿಸಿ, ಇಳಿದು ಓಡುತ್ತೇನೆ. ನೋಡಿದರೆ ಅವರು ಬೇಲಿ ಹತ್ತಿರ ಹೋಗಿ ಮಂಜನ ಜೊತೆ ಮಳೆಯ ವಿಚಾರ ಮಾತಾಡುತ್ತಾ ನಿಂತಿರುತ್ತಾರೆ. ನಾನು ಸೊಂಟದ ಮೇಲೆ ಕೈಯಿಟ್ಟು ಊರಿಗೆಲ್ಲ ಕೇಳುವ ಹಾಗೆ ಬೈಯುತ್ತೇನೆ. ಅವರು ಬಂದು ಗೋಡೆಯ ಪಕ್ಕ ನಿಂತು, "ಬಂದೆ ತಡಿಯಮ್ಮಿ, ಇಲ್ಲೇ ಅವ್ನಿ, ಎಲ್ ಓಯ್ತೀನಿ ನಿನ್ ಬುಟ್ಟು?" ಎನ್ನುತ್ತಾರೆ. ನಾನು ಹತ್ತಿ ಕೂತು, ಕನ್ನಡಿಯಲ್ಲಿ ಅವರನ್ನು ಇನ್ನೊಮ್ಮೆ ನೋಡಿಕೊಂಡು, ರಿವರ್ಸ್ ಹಾಕುತ್ತೇನೆ.